ಆ ಬ್ರ್ಯಾಕೆಟ್ ಇರಬೇಕೋ, ತೆಗೆಯಬೇಕೋ?

ಪೋಸ್ಟ್‌ಫಿಕ್ಸ್ ಎನ್ನುವುದು ಜಗತ್ತಿನ ಎಲ್ಲೆಡೆ ಬಳಕೆಯಲ್ಲಿರುವ ಮೇಲ್ ಸರ್ವರ್ ತಂತ್ರಾಂಶ. ಅದರ ಕೈಪಿಡಿಯಲ್ಲಿ ಒಂದೇ ಸಾಲಿನ ಉದಾಹರಣೆಯೊಂದು ಬರುತ್ತದೆ: ‘ರಿಲೇಹೋಸ್ಟ್’ ಎಂಬ ಹೆಸರು, ಸಮ ಚಿಹ್ನೆ, ಅದರ ಮುಂದೆ ಚೌಕ ಬ್ರ್ಯಾಕೆಟ್ಟಿನೊಳಗೆ ಒಂದು ಸರ್ವರಿನ ವಿಳಾಸ. ಇಲ್ಲಿಂದ ಹೊರಡುವ ಪತ್ರಗಳನ್ನೆಲ್ಲ ಆ ಸರ್ವರಿನ ಕೈಗೆ ಕೊಡು ಎಂಬುದು ಅದರ ತಾತ್ಪರ್ಯ. ಸರ್ವರಿನ ಹೆಸರನ್ನು ತಮ್ಮದಕ್ಕೆ ಬದಲಾಯಿಸಿಕೊಳ್ಳಬೇಕು ಎಂಬುದು ಓದುವವರಿಗೆ ತಾನಾಗಿಯೇ ಗೊತ್ತಾಗುತ್ತದೆ. ಆದರೆ ಆ ಬ್ರ್ಯಾಕೆಟ್ಟನ್ನು ಏನು ಮಾಡಬೇಕು?

ಯುನಿಕ್ಸ್ ಕೈಪಿಡಿಗಳ ಹಳೆಯ ರೂಢಿಯಲ್ಲಿ ಚೌಕ ಬ್ರ್ಯಾಕೆಟ್ ಎಂದರೆ ‘ಬೇಕಾದರೆ ಹಾಕಿ, ಬೇಡವಾದರೆ ಬಿಡಿ’ ಎಂದರ್ಥ. ಬೇರೆ ಎಷ್ಟೋ ಕಡೆ ಅದು ‘ಇಲ್ಲಿ ನಿಮ್ಮ ವಿವರ ತುಂಬಿ’ ಎನ್ನುವ ಸೂಚನೆ. ಈ ಎರಡೂ ರೂಢಿಗಳನ್ನು ಬಲ್ಲವರು ಬ್ರ್ಯಾಕೆಟ್ ತೆಗೆದೇ ಬರೆಯುತ್ತಾರೆ, ಅದರಲ್ಲಿ ಅವರ ತಪ್ಪೇನಿಲ್ಲ. ಪೋಸ್ಟ್‌ಫಿಕ್ಸ್‌ಗೆ ಮಾತ್ರ ಆ ಚಿಹ್ನೆಯಲ್ಲಿ ನಿಜವಾದ ಆಜ್ಞೆಯಿದೆ. ಬ್ರ್ಯಾಕೆಟ್ ಇದ್ದರೆ ಅದು ನೇರವಾಗಿ ಆ ಹೆಸರಿನ ಯಂತ್ರದ ಬಾಗಿಲು ತಟ್ಟುತ್ತದೆ. ಇಲ್ಲದಿದ್ದರೆ ಮೊದಲು ಅಂತರ್ಜಾಲದ ವಿಳಾಸಪಟ್ಟಿಯಾದ ಡಿಎನ್‌ಎಸ್‌ನಲ್ಲಿ ‘ಈ ಹೆಸರಿಗೆ ಬರುವ ಅಂಚೆಯನ್ನು ಸ್ವೀಕರಿಸುವವರು ಯಾರು’ ಎಂದು ವಿಚಾರಿಸಿ, ಸಿಕ್ಕ ಉತ್ತರದ ಕಡೆಗೆ ಹೋಗುತ್ತದೆ. ಇವೆರಡು ಬೇರೆ ಬೇರೆ ಯಂತ್ರಗಳಾಗಿರುವುದು ಸಾಮಾನ್ಯ. ಸಾಲದ್ದಕ್ಕೆ, ಪಾಸ್‌ವರ್ಡ್ ಬರೆದಿಡುವ ಇನ್ನೊಂದು ಫೈಲಿನಲ್ಲೂ ಇದೇ ಹೆಸರು ಇದೇ ರೂಪದಲ್ಲಿ, ಬ್ರ್ಯಾಕೆಟ್ ಸಮೇತ ಇರಬೇಕು. ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲವಾದರೆ ಪೋಸ್ಟ್‌ಫಿಕ್ಸ್‌ಗೆ ಪಾಸ್‌ವರ್ಡ್ ಸಿಗುವುದಿಲ್ಲ. ಆಚೆ ಬದಿಯ ಸರ್ವರ್ ಪತ್ರವನ್ನು ಒಲ್ಲೆ ಎನ್ನುತ್ತದೆ.

ಇದೆಲ್ಲ ಕೈಪಿಡಿಯಲ್ಲಿ ಇಲ್ಲವೆಂದಲ್ಲ. ಇದೆ, ಸ್ಪಷ್ಟವಾಗಿಯೇ ಇದೆ. ತೊಂದರೆಯೆಂದರೆ ಅದು ಉದಾಹರಣೆಯ ಕೆಳಗಿನ ವಾಕ್ಯಗಳಲ್ಲಿದೆ. ಕಚೇರಿಯ ಇ-ಮೇಲ್ ನಿಂತುಹೋಗಿ, ಮೇಲಿನವರಿಂದ ಹತ್ತು ನಿಮಿಷಕ್ಕೊಂದು ಫೋನ್ ಬರುತ್ತಿರುವಾಗ ಸರ್ವರ್ ನೋಡಿಕೊಳ್ಳುವವರು ವಾಕ್ಯಗಳನ್ನು ಓದುವುದಿಲ್ಲ. ಅವರ ಕಣ್ಣು ಬೂದು ಹಿನ್ನೆಲೆಯ ಚೌಕದೊಳಗಿನ ಆ ಸಾಲಿನ ಮೇಲೆ ಬೀಳುತ್ತದೆ. ಅದನ್ನು ನಕಲಿಸುತ್ತಾರೆ, ತಮ್ಮ ಫೈಲಿನಲ್ಲಿ ಅಂಟಿಸುತ್ತಾರೆ, ಸರ್ವರನ್ನು ಮತ್ತೆ ಚಾಲೂ ಮಾಡುತ್ತಾರೆ. ಕೈಪಿಡಿ ಬರೆಯುವವರು ವಿವರಣೆಗೆಂದು ತಿಂಗಳುಗಟ್ಟಲೆ ಬೆವರು ಹರಿಸುತ್ತಾರೆ. ನಿಜಕ್ಕೂ ಲೋಕಕ್ಕೆ ತಲುಪುವುದು ಅವರ ಉದಾಹರಣೆ. ಅದು ಯಾರದ್ದೋ ಯಂತ್ರದಲ್ಲಿ ಅಕ್ಷರಶಃ ಓಡುತ್ತದೆ.

ಇ-ಮೇಲ್ ತಂತ್ರಾಂಶದಲ್ಲಿ ಈ ಸಂಕಟ ಉಳಿದ ಕಡೆಗಿಂತ ಹೆಚ್ಚಾಗಿರುವುದಕ್ಕೆ ಇತಿಹಾಸವೂ ಕಾರಣ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಎರಿಕ್ ಆಲ್ಮನ್ ಬರೆದ ‘ಸೆಂಡ್‌ಮೇಲ್’ 1983ರಲ್ಲಿ ಬಿಎಸ್‌ಡಿ ಯುನಿಕ್ಸ್ ಜೊತೆ ಹೊರಬಂತು. ಆಗ ಇ-ಮೇಲ್ ಜಾಲಗಳು ಹಲವಿದ್ದವು, ಒಂದೊಂದರಲ್ಲೂ ವಿಳಾಸ ಬರೆಯುವ ಕ್ರಮ ಬೇರೆ. ಒಂದರ ವಿಳಾಸವನ್ನು ಇನ್ನೊಂದರದ್ದಾಗಿ ತಿರುಚಿ ಬರೆಯುವ ನಿಯಮಗಳನ್ನು ಸೆಂಡ್‌ಮೇಲ್ ತನ್ನ ಕಾನ್ಫಿಗರೇಷನ್ ಫೈಲಿನಲ್ಲೇ ಇಟ್ಟುಕೊಂಡಿತು. ಪ್ರತಿ ಸಾಲಿನ ಮೊದಲ ಅಕ್ಷರ ಒಂದು ಆಜ್ಞೆ: ಆರ್ ಎಂದರೆ ನಿಯಮ, ಎಸ್ ಎಂದರೆ ನಿಯಮಗಳ ಗುಂಪು, ಎಂ ಎಂದರೆ ಪತ್ರ ಸಾಗಿಸುವ ಪ್ರೋಗ್ರಾಂ. ಅದರ ಮುಂದೆ ಡಾಲರ್, ನಕ್ಷತ್ರ, ಕೂಡು ಚಿಹ್ನೆ, ಕೋನ ಬ್ರ್ಯಾಕೆಟ್‌ಗಳ ಸಾಲು. ಕಂಪ್ಯೂಟರಿಗೆ ಬೇಗ ಓದಲು ಬರಲಿ ಎಂದು ಮಾಡಿದ ಏರ್ಪಾಡು ಮನುಷ್ಯರ ಪಾಲಿಗೆ ಯಂತ್ರಸಿದ್ಧಿಯ ತಗಡಿನಂತೆ ಕಂಡಿತು.

ಚಿಹ್ನೆಗಳಾದರೂ ಕಣ್ಣಿಗೆ ಬೀಳುತ್ತಿದ್ದವು. ಅದಕ್ಕಿಂತ ಕೆಟ್ಟದ್ದು ಕಾಣದ ಅಕ್ಷರ. ಸೆಂಡ್‌ಮೇಲ್ ನಿಯಮವೊಂದರ ಎಡ ಭಾಗವನ್ನೂ ಬಲ ಭಾಗವನ್ನೂ ಬೇರ್ಪಡಿಸಬೇಕಾದದ್ದು ಟ್ಯಾಬ್. ಖಾಲಿ ಜಾಗ ಬಿಟ್ಟರೆ ನಡೆಯದು. ಪುಸ್ತಕದಲ್ಲಿ ಮುದ್ರಿಸಿದಾಗ ಟ್ಯಾಬ್ ಮತ್ತು ಖಾಲಿ ಜಾಗ ಎರಡೂ ಒಂದೇ ಥರದ ಬಿಳಿ. ಪರದೆಯಿಂದ ನಕಲಿಸುವಾಗ ಟ್ಯಾಬ್ ಎಷ್ಟೋ ಸಲ ಖಾಲಿ ಜಾಗವಾಗಿ ಮಾರ್ಪಡುತ್ತಿತ್ತು. ಸಾಲು ಕೈಪಿಡಿಯಲ್ಲಿ ಇದ್ದಂತೆಯೇ ಕಾಣುತ್ತಿತ್ತು, ಕೆಲಸ ಮಾತ್ರ ಮಾಡುತ್ತಿರಲಿಲ್ಲ.

1993ರಲ್ಲಿ ಓರೈಲಿ ಪ್ರಕಾಶನ ಸೆಂಡ್‌ಮೇಲ್ ಕುರಿತು ಪುಸ್ತಕವೊಂದನ್ನು ತಂದಿತು. ಮುಖಪುಟದಲ್ಲಿ ಬಾವಲಿಯ ಚಿತ್ರವಿದ್ದುದರಿಂದ ವೃತ್ತಿಯವರೆಲ್ಲ ಅದನ್ನು ಬಾವಲಿ ಪುಸ್ತಕ ಎಂದೇ ಕರೆದರು. ಮುಂದಿನ ಆವೃತ್ತಿಗಳು ಸಾವಿರ ಪುಟ ದಾಟಿದವು. ಅಂಚೆ ಹಂಚುವ ಒಂದು ಪ್ರೋಗ್ರಾಂಗೆ ಸಾವಿರ ಪುಟ! ಇದೇ ಕಾಲಕ್ಕೆ ಸೆಂಡ್‌ಮೇಲ್‌ನ ಎಂಟನೆಯ ಆವೃತ್ತಿಯಲ್ಲಿ ಎಂ4 ಎಂಬ ಹಳೆಯ ಯುನಿಕ್ಸ್ ಉಪಕರಣದ ನೆರವಿನಿಂದ ಮೂಲ ಫೈಲನ್ನು ಕೈಯಲ್ಲಿ ಮುಟ್ಟದೆ, ಹತ್ತಿಪ್ಪತ್ತು ಸಾಲಿನ ಸರಳ ಫೈಲಿನಿಂದ ಅದನ್ನು ತಯಾರಿಸಿಕೊಳ್ಳುವ ಸೌಲಭ್ಯ ಬಂತು. ಓದಲು ನಿಜಕ್ಕೂ ಎಷ್ಟೋ ಹಗುರ. ಆದರೆ ಎಂ4ಗೆ ತನ್ನದೇ ಹಟವಿದೆ: ಉದ್ಧರಣೆ ತೆರೆಯುವುದಕ್ಕೆ ಕೀಲಿಮಣೆಯ ಎಡ ಮೂಲೆಯಲ್ಲಿರುವ ಹಿಂಬಾಗಿದ ಚಿಹ್ನೆ ಬೇಕು, ಮುಚ್ಚುವುದಕ್ಕೆ ಮಾಮೂಲಿ ಒಂಟಿ ಉದ್ಧರಣ ಚಿಹ್ನೆ ಬೇಕು. ವರ್ಡ್ ಪ್ರೊಸೆಸರುಗಳು ಇವನ್ನು ತಾವಾಗಿಯೇ ಬಾಗಿಸಿ ಚಂದ ಮಾಡುತ್ತವೆ. ಇವತ್ತು ಬಹಳಷ್ಟು ಕೈಪಿಡಿಗಳನ್ನು ಬರೆಯುವ ಮಾರ್ಕ್‌ಡೌನ್ ಪದ್ಧತಿಯಲ್ಲಂತೂ ಆ ಹಿಂಬಾಗಿದ ಚಿಹ್ನೆಗೆ ಬೇರೆಯೇ ಕೆಲಸವಿದೆ. ಎಚ್ಚರ ತಪ್ಪಿದರೆ ಅದು ಪುಟದಿಂದ ಮಾಯವಾಗುತ್ತದೆ. ಎರಡು ಅಡ್ಡಗೆರೆಗಳನ್ನು ಒಂದೇ ಉದ್ದ ಗೆರೆಯಾಗಿಸುವ ‘ಸುಧಾರಣೆ’ಯೂ ಇದೇ ಜಾತಿಯದು. ಅಕ್ಷರ ಜೋಡಣೆಯ ಸೌಂದರ್ಯಪ್ರಜ್ಞೆ ಕಾನ್ಫಿಗರೇಷನ್ನಿನ ಹತ್ತಿರ ಸುಳಿಯದಿರುವುದೇ ಕ್ಷೇಮ.

ಸೆಂಡ್‌ಮೇಲ್‌ಗೆ ಬದಲಿಯಾಗಿ ಬಂದವುಗಳಲ್ಲಿ ಪೋಸ್ಟ್‌ಫಿಕ್ಸ್ ಒಂದು. ವೀಟ್ಸೆ ವೆನೆಮಾ ಎಂಬ ಡಚ್ ವಿಜ್ಞಾನಿ ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದಾಗ ಬರೆದದ್ದು, 1998ರಲ್ಲಿ ಲೋಕಕ್ಕೆ ಸಿಕ್ಕಿತು. ಒಂದು ಹೆಸರು, ಒಂದು ಸಮ ಚಿಹ್ನೆ, ಒಂದು ಬೆಲೆ: ಇಷ್ಟೇ ಅದರ ವ್ಯಾಕರಣ. ಅದರ ಕೈಪಿಡಿಯಲ್ಲಿ ‘ಮಾಮೂಲಿ ಸಂದರ್ಭಗಳಿಗೆ ಉದಾಹರಣೆಗಳು’ ಎಂಬ ಬಗೆಯ ಒಂದು ದಾಖಲೆಯಿದೆ. ಇಂಥ ಬರವಣಿಗೆಗೆ ಮಾದರಿಯಾಗಿ ತೋರಿಸಬಹುದಾದ ದಾಖಲೆ ಅದು. ಸೆಟ್ಟಿಂಗುಗಳನ್ನು ಅಕಾರಾದಿಯಾಗಿ ಪಟ್ಟಿ ಮಾಡದೆ, ಓದುವವರ ಪರಿಸ್ಥಿತಿಯನ್ನು ಹಿಡಿದು ಹೊರಡುತ್ತದೆ: ಒಂಟಿಯಾಗಿ ಅಂತರ್ಜಾಲಕ್ಕೆ ಜೋಡಿಸಿದ ಯಂತ್ರ, ಪತ್ರ ಕಳಿಸುವುದನ್ನು ಬಿಟ್ಟು ಬೇರೇನೂ ಮಾಡದ ಯಂತ್ರ, ಕಚೇರಿಯ ಒಳಜಾಲದ ಯಂತ್ರ, ಫೈರ್‌ವಾಲ್ ಮೇಲೆ ಕೂತ ಯಂತ್ರ. ಹಲವು ಉದಾಹರಣೆಗಳ ಸಾಲುಗಳಿಗೆ ಅಂಕಿ ಕೊಟ್ಟಿದೆ. ಕೆಳಗೆ ಎರಡನೆಯ ಸಾಲು ಯಾಕೆ, ನಾಲ್ಕನೆಯದು ಏನು ಮಾಡುತ್ತದೆ ಎಂದು ಸಾಲು ಸಾಲಾಗಿ ಮಾತಿನಲ್ಲಿ ಬಿಡಿಸಿ ಹೇಳಿದೆ.

ಬರೀ ಪತ್ರ ಕಳಿಸುವ ಯಂತ್ರದ ಉದಾಹರಣೆಯಲ್ಲಿ ‘ಮೈಡೆಸ್ಟಿನೇಷನ್’ ಎಂಬ ಹೆಸರಿನ ಮುಂದೆ ಸಮ ಚಿಹ್ನೆಯಿದ್ದು, ಅದರ ಮುಂದೆ ಏನೂ ಇಲ್ಲ. ಅಚ್ಚಿನ ತಪ್ಪೇನೋ ಎನ್ನಿಸುವಂಥ ಸಾಲು. ಆ ಖಾಲಿಯೇ ಬೇಕಾದದ್ದು, ಇಲ್ಲಿ ಯಾರಿಗೂ ಪತ್ರ ಇಳಿಸಬೇಡ ಎಂದು ಅದರ ಅರ್ಥ. ಕೆಳಗಿನ ಸಾಲುವಾರು ವಿವರಣೆ ಇಲ್ಲದಿದ್ದರೆ ಅರ್ಧ ಜನ ಅಲ್ಲಿ ಏನನ್ನಾದರೂ ತುಂಬಿಬಿಡುತ್ತಿದ್ದರು.

ಇಷ್ಟು ಚೆನ್ನಾಗಿ ಮಾಡಿದ ದಾಖಲೆಯೂ ನಕಲಿಸುವವರ ಕೈಯಲ್ಲಿ ಹೇಗೆ ಮುಗ್ಗರಿಸುತ್ತದೆ ನೋಡಿ. ಉದಾಹರಣೆಯ ಮೊದಲ ಸಾಲಿನಲ್ಲಿ ಫೈಲಿನ ಹೆಸರಿದೆ. ಉಳಿದ ಸಾಲುಗಳು ಅದರ ಕೆಳಗೆ ಸ್ವಲ್ಪ ಒಳಕ್ಕೆ ಸರಿದು ನಿಂತಿವೆ. ಯಾವುದು ಯಾವ ಫೈಲಿಗೆ ಸೇರಿದ್ದು ಎಂದು ತೋರಿಸುವ ಒಳ್ಳೆಯ ಕ್ರಮ ಅದು. ಆದರೆ ಪೋಸ್ಟ್‌ಫಿಕ್ಸ್‌ನ ವ್ಯಾಕರಣದಲ್ಲಿ ಖಾಲಿ ಜಾಗದಿಂದ ಶುರುವಾಗುವ ಸಾಲು ಹೊಸ ಸಾಲೇ ಅಲ್ಲ, ಹಿಂದಿನ ಸಾಲಿನ ಮುಂದುವರಿಕೆ. ಕೈಪಿಡಿಯಲ್ಲಿ ಇದ್ದಂತೆಯೇ ಒಳಸರಿದ ಸಾಲುಗಳನ್ನು ಫೈಲಿನ ಕೊನೆಗೆ ಅಂಟಿಸಿದರೆ ಅವೆಲ್ಲ ಮೊದಲೇ ಇದ್ದ ಯಾವುದೋ ಸೆಟ್ಟಿಂಗಿನ ಬಾಲವಾಗಿ ಸೇರಿಕೊಳ್ಳುತ್ತವೆ. ಓದುವವರ ಕಣ್ಣಿಗೆ ಅನುಕೂಲವೆಂದು ಬಿಟ್ಟ ಜಾಗಕ್ಕೆ ಯಂತ್ರ ಬೇರೆ ಅರ್ಥ ಹಚ್ಚಿತು.

ಟಿಪ್ಪಣಿಯದ್ದೂ ಇದೇ ಕಥೆ. ಹ್ಯಾಶ್ ಚಿಹ್ನೆಯಿಂದ ಶುರುವಾದ ಸಾಲನ್ನು ಪೋಸ್ಟ್‌ಫಿಕ್ಸ್ ಓದದೆ ಬಿಡುತ್ತದೆ. ಹಾಗೆಂದು ಸೆಟ್ಟಿಂಗಿನ ಪಕ್ಕದಲ್ಲೇ ಹ್ಯಾಶ್ ಹಾಕಿ ‘ಇದು ನಮ್ಮ ಕಂಪನಿಯ ಸರ್ವರ್’ ಎಂದು ಬರೆದರೆ ಆ ಮಾತೂ ಬೆಲೆಯ ಭಾಗವಾಗಿಬಿಡುತ್ತದೆ. ಬೇರೆ ಹಲವು ತಂತ್ರಾಂಶಗಳಲ್ಲಿ ಪಕ್ಕದ ಟಿಪ್ಪಣಿ ನಡೆಯುವುದರಿಂದ, ಒಳ್ಳೆಯ ಮನಸ್ಸಿನ ಲೇಖಕರು ಓದುಗರಿಗೆ ನೆರವಾಗಲೆಂದೇ ಹೀಗೆ ಬರೆದು ಅವರನ್ನು ಕೆಡವುತ್ತಾರೆ. ಇದೇ ಹ್ಯಾಶ್ ಚಿಹ್ನೆಗೆ ಯುನಿಕ್ಸ್ ಕೈಪಿಡಿಗಳಲ್ಲಿ ಮೂರನೆಯದೊಂದು ಕೆಲಸವಿದೆ: ‘ಈ ಆಜ್ಞೆಯನ್ನು ಯಂತ್ರದ ಯಜಮಾನ ಖಾತೆಯಿಂದ ಕೊಡಿ’ ಎನ್ನುವುದಕ್ಕೆ ಆಜ್ಞೆಯ ಆರಂಭದಲ್ಲಿ ಒಂದು ಹ್ಯಾಶ್ ಇಡುತ್ತಾರೆ. ಅದನ್ನೂ ಸೇರಿಸಿ ನಕಲಿಸಿ ಟರ್ಮಿನಲ್ಲಿನಲ್ಲಿ ಅಂಟಿಸಿದವರಿಗೆ ಏನೂ ಆಗುವುದಿಲ್ಲ. ಇಡೀ ಆಜ್ಞೆ ಟಿಪ್ಪಣಿಯೆಂದು ಗಣನೆಗೆ ಬಂದು ಯಂತ್ರ ಸುಮ್ಮನೆ ಮುಂದಿನ ಸಾಲಿಗೆ ಹೋಗುತ್ತದೆ. ಪುಟದ ಮೂಲೆಯಲ್ಲಿ ‘ನಕಲಿಸಿ’ ಎಂಬ ಗುಂಡಿ ಇಡುವವರು ಮೊದಲು ಅದು ಏನನ್ನು ನಕಲಿಸುತ್ತದೆ ಎಂದು ಒಮ್ಮೆ ಒತ್ತಿ ನೋಡಬೇಕು.

ಇನ್ನು ಹೆಸರುಗಳ ವಿಷಯ. ಬ್ಯಾಂಕಿನ ಕೌಂಟರ್ ಪಕ್ಕದ ಗೋಡೆಗೆ ತುಂಬಿದ ಮಾದರಿ ಚಲನ್ ಅಂಟಿಸಿರುತ್ತಾರಲ್ಲ, ಅದರಲ್ಲಿ ಬರೆದ ಖಾತೆ ಸಂಖ್ಯೆ ನಿಜವಾಗಿ ಯಾರದ್ದೋ ಆಗಿದ್ದರೆ? ಕಂಪ್ಯೂಟರ್ ಲೋಕದಲ್ಲಿ ಇದು ನಡೆದಿದೆ. ಉತ್ತರ ಬರೆಯಬೇಡಿ ಎಂದು ಸೂಚಿಸಲು ಹಲವು ಕಂಪನಿಗಳು ತಮ್ಮ ಯಾಂತ್ರಿಕ ಪತ್ರಗಳ ಕಳುಹಿಸುವವರ ಜಾಗದಲ್ಲಿ ‘ಡುನಾಟ್‌ರಿಪ್ಲೈ ಡಾಟ್ ಕಾಮ್’ ಎಂದು ಬರೆಯುತ್ತಿದ್ದವು, ಅದು ಯಾರದ್ದೂ ಅಲ್ಲ ಎಂಬ ಭರವಸೆಯಲ್ಲಿ. ಅದು ಅಮೆರಿಕದ ಸಿಯಾಟಲ್‌ನ ಪ್ರೋಗ್ರಾಮರ್ ಒಬ್ಬರ ಸ್ವತ್ತಾಗಿತ್ತು. ವಿಳಾಸ ತಪ್ಪಿ ಹಿಂತಿರುಗಿದ ಪತ್ರಗಳು, ಗ್ರಾಹಕರ ಉತ್ತರಗಳು, ಬ್ಯಾಂಕಿನವರ ದಾಖಲೆಗಳೆಲ್ಲ ಅವರ ಪೆಟ್ಟಿಗೆಗೆ ಬಂದು ಬೀಳುತ್ತಿದ್ದವು. 2008ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಇದನ್ನು ವರದಿ ಮಾಡಿತು.

ಮೈಕ್ರೋಸಾಫ್ಟ್‌ನ ಅನುಭವ ಇನ್ನೂ ದುಬಾರಿ. ವಿಂಡೋಸ್ 2000ದ ಕಾಲದಲ್ಲಿ ಕಚೇರಿ ಜಾಲ ಕಟ್ಟುವಾಗ ಒಳಹೆಸರಿಗೆ ಮಾದರಿಯಾಗಿ ‘ಕಾರ್ಪ್’ ಎಂದು ತೋರಿಸಲಾಗಿತ್ತು. ಮಾದರಿಯನ್ನು ಬದಲಾಯಿಸದೆ ಹಾಗೆಯೇ ಒಪ್ಪಿಕೊಂಡ ಕಂಪನಿಗಳು ಲೆಕ್ಕವಿಲ್ಲದಷ್ಟು. ಅವುಗಳ ಲ್ಯಾಪ್‌ಟಾಪ್‌ಗಳು ಕಚೇರಿಯಿಂದ ಹೊರಗೆ, ಯಾವುದೋ ಕಾಫಿ ಅಂಗಡಿಯ ವೈಫೈಗೆ ಸೇರಿದಾಗ ಆ ಹೆಸರನ್ನು ಅಂತರ್ಜಾಲದಲ್ಲಿ ಹುಡುಕುತ್ತ ‘ಕಾರ್ಪ್ ಡಾಟ್ ಕಾಮ್’ನ ಬಾಗಿಲಿಗೆ ಹೋಗಿ ತಮ್ಮ ಗುಟ್ಟುಗಳನ್ನು ಒಪ್ಪಿಸಲು ನಿಲ್ಲುತ್ತಿದ್ದವು. 1994ರಲ್ಲೇ ಆ ಹೆಸರನ್ನು ಕೊಂಡಿಟ್ಟಿದ್ದವರು 2020ರಲ್ಲಿ ಅದನ್ನು 17 ಲಕ್ಷ ಡಾಲರ್ ಬೆಲೆಗೆ ಮಾರಲು ಹೊರಟರು. ಅದು ಕೆಟ್ಟವರ ಕೈ ಸೇರಬಾರದೆಂದು ಕೊನೆಗೆ ಮೈಕ್ರೋಸಾಫ್ಟೇ ಕೊಂಡುಕೊಂಡಿತು.

ಇಂಥದ್ದಕ್ಕೆ ಮದ್ದು 1999ರ ಜೂನ್‌ನಲ್ಲೇ ಸಿದ್ಧವಾಗಿತ್ತು. ಅಂತರ್ಜಾಲದ ನಿಯಮಾವಳಿಗಳ ಸಾಲಿನಲ್ಲಿ ಆರ್‌ಎಫ್‌ಸಿ 2606 ಎಂಬ ದಾಖಲೆ ‘ಎಕ್ಸಾಂಪಲ್’ ಹೆಸರಿನ ಕಾಮ್, ನೆಟ್, ಆರ್ಗ್ ಮೂರನ್ನೂ ಉದಾಹರಣೆಗಳಿಗಾಗಿಯೇ ಕಾಯ್ದಿಟ್ಟಿತು. ಅವನ್ನು ಯಾರೂ ಕೊಳ್ಳುವಂತಿಲ್ಲ. ಯಂತ್ರಗಳ ಸಂಖ್ಯಾ ವಿಳಾಸಕ್ಕೂ 192.0.2 ರಿಂದ ಶುರುವಾಗುವ ಒಂದು ಕಂತೆ ಹೀಗೇ ಮೀಸಲಾಗಿತ್ತು. 2010ರಲ್ಲಿ ಆರ್‌ಎಫ್‌ಸಿ 5737 ಅದಕ್ಕೆ 198.51.100 ಮತ್ತು 203.0.113 ಎಂಬ ಇನ್ನೆರಡನ್ನು ಸೇರಿಸಿತು. ಮೂರು ಕಂತೆ ಯಾಕೆಂದರೆ ಒಂದು ಸರ್ವರಿನಿಂದ ಇನ್ನೊಂದಕ್ಕೆ ಪತ್ರ ಹೋಗುವುದನ್ನು ತೋರಿಸುವಾಗ ಎರಡೂ ಒಂದೇ ಜಾಲದಲ್ಲಿರುವಂತೆ ಕಂಡರೆ ಓದುವವರು ಗೊಂದಲಕ್ಕೆ ಬೀಳುತ್ತಾರೆ. ಪೋಸ್ಟ್‌ಫಿಕ್ಸ್ ಕೈಪಿಡಿಯ ಉದಾಹರಣೆಗಳು ಬಹುಮಟ್ಟಿಗೆ ಈ ಮೀಸಲು ಹೆಸರುಗಳಿಗೆ ಅಂಟಿಕೊಂಡಿವೆ. ಮಾರುಕಟ್ಟೆಯ ಎಷ್ಟೋ ‘ಹತ್ತು ನಿಮಿಷದಲ್ಲಿ ಮೇಲ್ ಸರ್ವರ್’ ಮಾರ್ಗದರ್ಶಿಗಳು ಇನ್ನೂ ‘ಯುವರ್‌ಡೊಮೇನ್ ಡಾಟ್ ಕಾಮ್’ ಎಂದೇ ಬರೆಯುತ್ತಿವೆ. ಅದು ಮೀಸಲು ಪಟ್ಟಿಯಲ್ಲಿ ಇಲ್ಲ.

ಇಲ್ಲಿ ಕನ್ನಡದ್ದೊಂದು ಮಾತು ಸೇರಿಸಬೇಕು. 2007ರಲ್ಲಿ, ಅಂತರ್ಜಾಲದ ಹೆಸರುಗಳ ಉಸ್ತುವಾರಿ ನೋಡುವ ಐಕ್ಯಾನ್ ಸಂಸ್ಥೆ ಬೇರೆ ಲಿಪಿಗಳ ಡೊಮೇನ್ ಹೆಸರುಗಳನ್ನು ಪರೀಕ್ಷಿಸಲು ಹನ್ನೊಂದು ಹೆಸರುಗಳನ್ನು ಅಂತರ್ಜಾಲದ ಮೂಲ ವಿಳಾಸಪಟ್ಟಿಗೆ ಸೇರಿಸಿತು. ‘ಉದಾಹರಣೆ ಡಾಟ್ ಪರೀಕ್ಷೆ’ ಎಂಬರ್ಥದ ವಿಳಾಸಗಳು ಆಗ ಹಿಂದಿಯಲ್ಲೂ ತಮಿಳಿನಲ್ಲೂ ಇದ್ದವು, ಕನ್ನಡದಲ್ಲಿ ಇರಲಿಲ್ಲ. ಆ ಪರೀಕ್ಷಾ ಹೆಸರುಗಳನ್ನು ಕೆಲವು ವರ್ಷಗಳ ನಂತರ ತೆಗೆದುಹಾಕಿದರು. ಈಗ ‘.ಭಾರತ’ ಎಂದು ಕನ್ನಡ ಲಿಪಿಯಲ್ಲೇ ಡೊಮೇನ್ ಕೊನೆಯಾಗಬಹುದು. ಕನ್ನಡದ ಇ-ಮೇಲ್ ವಿಳಾಸಕ್ಕೆ ಬೇಕಾದ ಮಾನದಂಡ 2012ರಲ್ಲಿ ಬಂದಿದೆ, ಪೋಸ್ಟ್‌ಫಿಕ್ಸ್ 2015ರ ಮೂರನೆಯ ಆವೃತ್ತಿಯಿಂದ ಅದನ್ನು ಬಲ್ಲದು. ಆದರೆ ಕನ್ನಡದಲ್ಲಿ ಕೈಪಿಡಿ ಬರೆಯುವವರು ‘ಕವನ@ಉದಾಹರಣೆ.ಭಾರತ’ ಎಂದು ಧೈರ್ಯವಾಗಿ ಬರೆಯಲು ಅದು ಕಾಯ್ದಿಟ್ಟ ಹೆಸರಲ್ಲ, ನಾಳೆ ಯಾರಾದರೂ ಕೊಳ್ಳಬಹುದು. ಇನ್ನೊಂದು ತಾಪತ್ರಯ ನಮ್ಮ ಲಿಪಿಗೇ ಸೇರಿದ್ದು. ‘ಹಾರ್ಡ್‌ವೇರ್’ ಎಂದು ಒತ್ತಕ್ಷರವಾಗದಂತೆ ಬಿಡಿಸಿ ಬರೆಯಲು ನಾವು ಕಣ್ಣಿಗೆ ಕಾಣದ ಒಂದು ಯುನಿಕೋಡ್ ಅಕ್ಷರವನ್ನು ನಡುವೆ ಒತ್ತುತ್ತೇವೆ. ಓದುವವರಿಗೆ ಅದು ಬರವಣಿಗೆಯ ಚಂದ, ಯಂತ್ರಕ್ಕೆ ಅದು ಇನ್ನೊಂದು ಅಕ್ಷರ. ಅದಿರುವ ಹೆಸರೂ ಇಲ್ಲದ ಹೆಸರೂ ಯಂತ್ರದ ಲೆಕ್ಕದಲ್ಲಿ ಒಂದೇ ಅಲ್ಲ. ಕನ್ನಡ ವಿಳಾಸದ ಉದಾಹರಣೆಗೆ ಹೆಸರು ಆರಿಸುವಾಗ ಕವನ, ರವಿ, ಮಲೆನಾಡು ಎಂಬಂಥ ಸರಳ ಅಕ್ಷರಗಳ ಹೆಸರುಗಳೇ ಸುರಕ್ಷಿತ.

ಸರ್ವರ್ ಮುಟ್ಟದ ಜನರೂ ಈ ಸಾಲುಗಳ ನಕಲಿಗೆ ಇಳಿಯಬೇಕಾಗಿ ಬಂದದ್ದು ಇತ್ತೀಚಿನ ಬೆಳವಣಿಗೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ, ಸಗಟಾಗಿ ಪತ್ರ ಕಳಿಸುವವರಿಗೆ ಹೊಸ ಷರತ್ತು ಹಾಕಿದವು. ಗೂಗಲ್ ಲೆಕ್ಕದಲ್ಲಿ ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರಗಳನ್ನು ಜಿಮೇಲ್ ಖಾತೆಗಳಿಗೆ ಕಳಿಸುವವರು. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರೂ ಗುರುತುಪತ್ರಗಳನ್ನು ಅವರು ತಮ್ಮ ಡೊಮೇನಿನ ಡಿಎನ್‌ಎಸ್‌ನಲ್ಲಿ ಇಟ್ಟಿರಬೇಕು. ಇವು ಒಂದೊಂದೂ ಒಂದೊಂದು ಸಾಲಿನ ಪಠ್ಯ. ಸೇವೆ ಒದಗಿಸುವ ಪ್ರತಿ ಕಂಪನಿಯ ಸಹಾಯ ಪುಟದಲ್ಲೂ ‘ಈ ಸಾಲನ್ನು ಸೇರಿಸಿ’ ಎಂಬ ಉದಾಹರಣೆ ಇರುತ್ತದೆ.

ಎಡವುವುದು ಆ ‘ಸೇರಿಸಿ’ ಎಂಬಲ್ಲಿ. ಕಚೇರಿಯ ಪತ್ರಗಳಿಗೆ ಗೂಗಲ್ ಸೇವೆ ಬಳಸುವ ಒಂದು ಸಣ್ಣ ಕಂಪನಿಯನ್ನು ಊಹಿಸಿಕೊಳ್ಳಿ. ಗೂಗಲ್ ಪುಟದಲ್ಲಿದ್ದ ಎಸ್‌ಪಿಎಫ್ ಸಾಲನ್ನು ಅವರು ಹಿಂದೆಯೇ ಹಾಕಿದ್ದಾರೆ. ಈಗ ಗ್ರಾಹಕರಿಗೆ ಸುದ್ದಿಪತ್ರ ಕಳಿಸಲು ಇನ್ನೊಂದು ಸೇವೆಗೆ ಸೇರುತ್ತಾರೆ. ಅದರ ಪುಟವೂ ತನ್ನದೊಂದು ಪೂರ್ತಿ ಸಾಲನ್ನು ಕೊಟ್ಟು ಸೇರಿಸಿ ಎನ್ನುತ್ತದೆ. ಹೇಳಿದಂತೆ ಮಾಡುತ್ತಾರೆ. ಒಂದು ಡೊಮೇನಿಗೆ ಎರಡು ಎಸ್‌ಪಿಎಫ್ ಸಾಲುಗಳಿದ್ದರೆ ಅದು ಶಾಶ್ವತ ದೋಷ ಎಂದು 2014ರ ಆರ್‌ಎಫ್‌ಸಿ 7208 ಕಡ್ಡಿ ಮುರಿದಂತೆ ಹೇಳುತ್ತದೆ. ಹೊಸದು ನಡೆಯಲಿಲ್ಲ ಎನ್ನುವುದು ಹಾಗಿರಲಿ, ಸರಿಯಾಗಿದ್ದ ಹಳೆಯದೂ ಕೆಟ್ಟಿತು. ಎರಡು ಉದಾಹರಣೆಗಳೂ ಪ್ರತ್ಯೇಕವಾಗಿ ನೂರಕ್ಕೆ ನೂರು ಸರಿ. ಬೇಕಾಗಿದ್ದದ್ದು ಮೂರನೆಯ ಉದಾಹರಣೆ, ‘ನಿಮ್ಮಲ್ಲಿ ಈಗಾಗಲೇ ಇಂಥ ಸಾಲಿದ್ದರೆ ಅದರೊಳಗೆ ಇಷ್ಟು ಭಾಗವನ್ನು ತೂರಿಸಿ’ ಎಂದು ಮೊದಲಿನ ಮತ್ತು ಆಮೇಲಿನ ರೂಪಗಳನ್ನು ಒಂದರ ಕೆಳಗೊಂದು ತೋರಿಸುವುದು. ಬಹುತೇಕ ಕೈಪಿಡಿಗಳು ಓದುವವರ ಯಂತ್ರ ಆಗಷ್ಟೇ ಡಬ್ಬಿಯಿಂದ ತೆಗೆದದ್ದು ಎಂದುಕೊಂಡು ಬರೆದಂತಿರುತ್ತವೆ. ಕಚೇರಿಗಳಲ್ಲಿರುವುದು ಹಿಂದಿದ್ದ ಮೂವರು ನೌಕರರು ಮೂರು ರೀತಿ ತಿದ್ದಿಟ್ಟುಹೋದ ಯಂತ್ರ.

ಸಾಲುಗಳ ಅನುಕ್ರಮದಿಂದ ಆದ ಅನಾಹುತಕ್ಕಂತೂ ತಂತ್ರಾಂಶವನ್ನೇ ಬದಲಾಯಿಸಬೇಕಾಯಿತು. ಪತ್ರವನ್ನು ಯಾರಿಂದ, ಯಾರಿಗಾಗಿ ಒಪ್ಪಿಕೊಳ್ಳಬೇಕು ಎಂಬ ಪೋಸ್ಟ್‌ಫಿಕ್ಸ್‌ನ ನಿಯಮಗಳು ಒಂದು ಉದ್ದ ಪಟ್ಟಿಯಲ್ಲಿ ಒಂದರ ಹಿಂದೊಂದು ಬರುತ್ತವೆ. ಮೊದಲು ಹೊಂದಿದ ನಿಯಮವೇ ತೀರ್ಪು. ‘ಇಂಥ ಕಳುಹಿಸುವವರನ್ನು ನಂಬು’ ಎಂಬ ವಿನಾಯಿತಿಯನ್ನು ‘ಹೊರಗಿನವರ ಪತ್ರವನ್ನು ಹೊರಗಿನವರಿಗೆ ಸಾಗಿಸಬೇಡ’ ಎಂಬ ನಿಷೇಧಕ್ಕಿಂತ ಮುಂಚೆ ಬರೆದರೆ ಸರ್ವರಿನ ಬಾಗಿಲು ಹಾರು ಹೊಡೆಯಿತೆಂದೇ ಲೆಕ್ಕ, ಏಕೆಂದರೆ ಕಳುಹಿಸುವವರ ಹೆಸರನ್ನು ಯಾರು ಬೇಕಾದರೂ ಸುಳ್ಳು ಬರೆಯಬಹುದು. ಸ್ಪ್ಯಾಮ್ ಕಳಿಸುವವರಿಗೆ ಇದಕ್ಕಿಂತ ಹಬ್ಬವಿಲ್ಲ. ಪಟ್ಟಿಯ ನಡುವೆ ಒಂದು ಸಾಲು ತೂರಿಸಿ ಎನ್ನುವ ಉದಾಹರಣೆ ‘ಎಲ್ಲಿ’ ಎಂದು ಹೇಳದಿದ್ದರೆ ಆಗುವುದೇ ಇದು. 2013ರ 2.10ನೆಯ ಆವೃತ್ತಿಯಲ್ಲಿ ವೆನೆಮಾ ಆ ಪಟ್ಟಿಯನ್ನು ಎರಡಾಗಿ ಒಡೆದರು: ಪತ್ರ ಸಾಗಿಸುವ ಹಕ್ಕಿನದ್ದು ಒಂದು, ಸ್ಪ್ಯಾಮ್ ತಡೆಯದ್ದು ಇನ್ನೊಂದು. ಸ್ಪ್ಯಾಮ್ ಪಟ್ಟಿಯಲ್ಲಿ ಸಡಿಲ ಬಿಟ್ಟರೂ ಬಾಗಿಲು ಮುಚ್ಚಿಯೇ ಇರುತ್ತದೆ. ಎಷ್ಟು ತಿದ್ದಿ ಬರೆದರೂ ಉದಾಹರಣೆ ಸುಲಭವಾಗದಿದ್ದರೆ ದೋಷ ಉದಾಹರಣೆಯದ್ದಲ್ಲ ಎಂದು ತಂತ್ರಾಂಶ ಬರೆದವರೇ ಒಪ್ಪಿಕೊಂಡ ಅಪರೂಪದ ಪ್ರಸಂಗವಿದು ಎನ್ನಬಹುದು.

ವ್ಯಾಕರಣವನ್ನೇ ಓದುವವರ ಕಡೆಗೆ ಬಾಗಿಸಿದ ಇನ್ನೊಂದು ಪ್ರಯತ್ನ ‘ಫೆಚ್‌ಮೇಲ್’ನದ್ದು. ದೂರದ ಸರ್ವರಿನಿಂದ ಪತ್ರಗಳನ್ನು ಎಳೆದು ತರುವ ಈ ಪುಟ್ಟ ಪ್ರೋಗ್ರಾಂ 1996ರ ಹೊತ್ತಿಗೆ ಎರಿಕ್ ರೇಮಂಡ್ ಕೈಯಲ್ಲಿ ರೂಪು ಪಡೆಯಿತು. ಅದರ ಕಾನ್ಫಿಗರೇಷನ್ ಫೈಲಿನಲ್ಲಿ ‘ಆ್ಯಂಡ್’, ‘ವಿತ್’, ‘ಹ್ಯಾಸ್’, ‘ವಾಂಟ್ಸ್’ ಎಂಬ ಇಂಗ್ಲಿಷ್ ಪದಗಳನ್ನು ಎಲ್ಲಿ ಬೇಕಾದರೂ ಹಾಕಬಹುದು. ಪ್ರೋಗ್ರಾಂ ಅವನ್ನು ಗಮನಿಸುವುದೇ ಇಲ್ಲ. ಅವು ಇರುವುದು ಮನುಷ್ಯರು ಸಾಲನ್ನು ವಾಕ್ಯದಂತೆ ಓದಿಕೊಳ್ಳಲಿ ಎಂದಷ್ಟೇ. ಕೇಳಲು ಇಂಪಾಗಿದೆ. ಆದರೂ ಉದಾಹರಣೆ ನೋಡುವ ಹೊಸಬರಿಗೆ ಯಾವ ಪದಕ್ಕೆ ಕೆಲಸವಿದೆ, ಯಾವುದಕ್ಕಿಲ್ಲ ಎಂದು ಹೇಗೆ ತಿಳಿಯಬೇಕು? ವಾಕ್ಯದಂತೆ ಕಾಣುವ ಆಜ್ಞೆ ಓದಲು ಸುಲಭ, ಬರೆಯಲು ಅಷ್ಟು ಸುಲಭವಲ್ಲ.

ಮೊಜಿಲ್ಲಾದವರು ಹಿಡಿದದ್ದು ಬೇರೆ ದಾರಿ. ಅವರ ಇ-ಮೇಲ್ ತಂತ್ರಾಂಶವಾದ ಥಂಡರ್‌ಬರ್ಡ್‌ನ ಹಳೆಯ ಆವೃತ್ತಿಗಳಲ್ಲಿ ಒಳಬರುವ ಸರ್ವರ್, ಹೊರಹೋಗುವ ಸರ್ವರ್, ಪೋರ್ಟ್ ಸಂಖ್ಯೆ, ಗೂಢಲಿಪಿಯ ಬಗೆ ಎಲ್ಲವನ್ನೂ ಬಳಕೆದಾರರೇ ತುಂಬಬೇಕಿತ್ತು. ‘ಎಸ್‌ಎಸ್‌ಎಲ್’, ‘ಟಿಎಲ್‌ಎಸ್’ ಎಂಬ ಆಯ್ಕೆಗಳ ಹೆಸರೂ ದಾರಿ ತಪ್ಪಿಸುವಂತಿತ್ತು: ಅಲ್ಲಿ ಟಿಎಲ್‌ಎಸ್ ಎಂದರೆ ಮೊದಲು ಬಹಿರಂಗವಾಗಿ ಮಾತು ಶುರುಮಾಡಿ ನಂತರ ಗೂಢಲಿಪಿಗೆ ಹೊರಳುವ ಪದ್ಧತಿ, ಎಸ್‌ಎಸ್‌ಎಲ್ ಎಂದರೆ ಮೊದಲ ಅಕ್ಷರದಿಂದಲೇ ಗೂಢಲಿಪಿ. 2009ರ ಡಿಸೆಂಬರ್‌ನಲ್ಲಿ ಬಂದ ಮೂರನೆಯ ಆವೃತ್ತಿ ಹೆಸರು, ವಿಳಾಸ, ಪಾಸ್‌ವರ್ಡ್ ಮೂರನ್ನೇ ಕೇಳಿ, ಉಳಿದದ್ದನ್ನು ಸೇವಾ ಕಂಪನಿಗಳ ವಿವರಗಳಿರುವ ಒಂದು ಭಂಡಾರದಿಂದ ತಾನೇ ತಂದುಕೊಂಡಿತು. ಆ ಭಂಡಾರದ ಫೈಲುಗಳಲ್ಲೂ ‘ಇಲ್ಲಿ ಬಳಕೆದಾರರ ವಿಳಾಸ’ ಎಂಬ ಗುರುತು ಇರುತ್ತದೆ, ಎರಡು ಶೇಕಡಾ ಚಿಹ್ನೆಗಳ ನಡುವೆ. ಅದನ್ನು ತುಂಬುವುದು ಯಂತ್ರವಾದ್ದರಿಂದ ಯಾರೂ ಗೊಂದಲಕ್ಕೆ ಬೀಳುವುದಿಲ್ಲ.

ಮನುಷ್ಯರೇ ತುಂಬಬೇಕಾದಲ್ಲಿ ಗುರುತು ಎದ್ದು ಕಾಣಬೇಕು. ಗೂಗಲ್ ತನ್ನ ತಾಂತ್ರಿಕ ಲೇಖಕರಿಗಾಗಿ ಪ್ರಕಟಿಸಿರುವ ಶೈಲಿ ಕೈಪಿಡಿಯಲ್ಲಿ ಇದಕ್ಕೊಂದು ನಿಯಮವಿದೆ: ತುಂಬಬೇಕಾದ ಜಾಗವನ್ನು ಪೂರ್ತಿ ದೊಡ್ಡಕ್ಷರದಲ್ಲಿ, ಪದಗಳ ನಡುವೆ ಅಡಿಗೆರೆ ಹಾಕಿ ಬರೆಯಬೇಕು, ಉದಾಹರಣೆ ಮುಗಿದ ಕೂಡಲೇ ‘ಇವನ್ನು ಬದಲಾಯಿಸಿ’ ಎಂದು ಒಂದೊಂದನ್ನೂ ವಿವರಿಸಬೇಕು. ಬ್ರ್ಯಾಕೆಟ್‌ಗಳ ಗೊಡವೆಯೇ ಇಲ್ಲ. ಕನ್ನಡದಲ್ಲಿ ಬರೆಯುವವರಿಗೆ ಇದರಲ್ಲೊಂದು ಅನುಕೂಲವೂ ಇದೆ. ಸೆಟ್ಟಿಂಗುಗಳ ಹೆಸರುಗಳೆಲ್ಲ ಇಂಗ್ಲಿಷ್ ಲಿಪಿಯಲ್ಲೇ ಇರುವುದರಿಂದ, ಬದಲಾಯಿಸಬೇಕಾದ ಜಾಗದಲ್ಲಿ ‘ನಿಮ್ಮ_ಸರ್ವರ್’ ಎಂದು ಕನ್ನಡದಲ್ಲೇ ಬರೆದರೆ ಅದು ಕಣ್ಣಿಗೆ ಹೊಡೆಯುತ್ತದೆ; ಮರೆತು ಹಾಗೆಯೇ ಅಂಟಿಸಿದವರ ಫೈಲಿನಲ್ಲೂ ತಕ್ಷಣ ಗೊತ್ತಾಗುತ್ತದೆ. ಇನ್ನೊಂದು ಒಳ್ಳೆಯ ಅಭ್ಯಾಸವೆಂದರೆ ಉದಾಹರಣೆಯ ಬೆನ್ನಿಗೇ ಪರೀಕ್ಷಿಸುವ ಆಜ್ಞೆಯನ್ನೂ, ಸರಿಯಾಗಿದ್ದರೆ ಪರದೆಯ ಮೇಲೆ ಏನು ಬರಬೇಕೆಂಬುದನ್ನೂ ಕೊಡುವುದು. ಕೇಂಬ್ರಿಜ್‌ನಲ್ಲಿ ಫಿಲಿಪ್ ಹೇಝೆಲ್ ಬರೆದ ‘ಎಕ್ಸಿಂ’ ಸರ್ವರಿನಲ್ಲಿ, ಪತ್ರ ಕಳಿಸದೆಯೇ ಒಂದು ವಿಳಾಸ ಕೊಟ್ಟು ‘ಇದಕ್ಕೆ ಬಂದ ಪತ್ರವನ್ನು ಎಲ್ಲಿಗೆ ಒಯ್ಯುವೆ’ ಎಂದು ಕೇಳುವ ಸೌಲಭ್ಯವಿದೆ. ಪೋಸ್ಟ್‌ಫಿಕ್ಸ್‌ನಲ್ಲಿ ಫೈಲಿನಲ್ಲಿ ನಾವೇ ಬರೆದ ಸೆಟ್ಟಿಂಗುಗಳನ್ನಷ್ಟೇ ತೋರಿಸು ಎನ್ನಬಹುದು. ಅಂಟಿಸಿದ ಸಾಲು ಅಲ್ಲಿ ಕಾಣದಿದ್ದರೆ ಅದು ಯಾವುದರದ್ದೋ ಬಾಲವಾಗಿದೆ ಎಂದು ಆಗಲೇ ಅನುಮಾನ ಬರುತ್ತದೆ.

ಎಲ್ಲಕ್ಕಿಂತ ಜಿಗುಟಾದ ತೊಂದರೆ ವಯಸ್ಸಿನದ್ದು. 465 ಎಂಬ ಪೋರ್ಟ್ ಸಂಖ್ಯೆಯನ್ನು 1997ರಲ್ಲಿ ಗೂಢಲಿಪಿಯ ಪತ್ರ ರವಾನೆಗೆಂದು ದಾಖಲಿಸಿದರು. ಬೇಗನೆ ಆ ನೋಂದಣಿಯನ್ನು ಹಿಂತೆಗೆದುಕೊಂಡರು. ಅದು ರದ್ದಾಗಿದೆ, 587 ಬಳಸಿ ಎಂದು ಇಪ್ಪತ್ತು ವರ್ಷ ಕೈಪಿಡಿಗಳು ಹೇಳಿಕೊಟ್ಟವು. 2018ರ ಜನವರಿಯಲ್ಲಿ ಆರ್‌ಎಫ್‌ಸಿ 8314 ಬಂದು 465ನ್ನೇ ಮತ್ತೆ ಕೂರಿಸಿ, ಸಾಧ್ಯವಿದ್ದಲ್ಲೆಲ್ಲ ಅದನ್ನೇ ಬಳಸಲು ಹೇಳಿತು. ಬರೆದ ದಿನಾಂಕವಿಲ್ಲದ ಉದಾಹರಣೆ ಈ ಮೂರು ಕಾಲಗಳಲ್ಲಿ ಯಾವುದಕ್ಕೆ ಸೇರಿದ್ದು ಎಂದು ಅಂದಾಜು ಮಾಡುವ ಕೆಲಸ ಓದುವವರ ತಲೆಗೆ.

ಡವ್‌ಕಾಟ್ ತಂತ್ರಾಂಶದವರು ಇದನ್ನು ಒರಟಾಗಿಯೇ ಬಗೆಹರಿಸಿದ್ದಾರೆ. ಫಿನ್ಲೆಂಡಿನ ಟಿಮೊ ಸಿರೈನೆನ್ 2002ರಲ್ಲಿ ಶುರುಮಾಡಿದ ಈ ಸರ್ವರ್, ಬಂದ ಪತ್ರಗಳನ್ನು ಇಟ್ಟುಕೊಂಡು ನಮ್ಮ ಫೋನಿಗೋ ಲ್ಯಾಪ್‌ಟಾಪ್‌ಗೋ ತೋರಿಸುವ ಕೆಲಸ ಮಾಡುತ್ತದೆ. ಅದರ ಹಳೆಯ ಉದಾಹರಣೆಗಳಲ್ಲಿ ಪ್ರಮಾಣಪತ್ರದ ಫೈಲನ್ನು ಸೂಚಿಸುವಾಗ ಅದರ ವಿಳಾಸದ ಆರಂಭದಲ್ಲಿ ಒಂಟಿ ಕೋನ ಚಿಹ್ನೆಯೊಂದು ಇರುತ್ತಿತ್ತು. ‘ಈ ಫೈಲಿನ ಒಳಗಿರುವುದನ್ನು ಓದಿಕೋ’ ಎಂಬುದು ಅದರ ಅರ್ಥ. ಜೋಡಿಯಿಲ್ಲದ ಆ ಚಿಹ್ನೆ ಅಚ್ಚಿನ ತಪ್ಪೆಂದು ಅಳಿಸಿದವರ ಸರ್ವರ್ ಗೂಢಲಿಪಿಯ ಸಂಪರ್ಕಕ್ಕೆ ಒಪ್ಪುತ್ತಿರಲಿಲ್ಲ. 2025ರ ಜನವರಿಯಲ್ಲಿ ಬಂದ 2.4ನೆಯ ಆವೃತ್ತಿ ಆ ಚಿಹ್ನೆಯನ್ನು ಬಿಟ್ಟು, ಹೆಸರಲ್ಲೇ ‘ಫೈಲ್’ ಎಂಬ ಪದವಿರುವ ಹೊಸ ಸೆಟ್ಟಿಂಗನ್ನು ತಂದಿತು. ಪತ್ರಗಳನ್ನು ಎಲ್ಲಿ, ಯಾವ ರೂಪದಲ್ಲಿ ಇಡಬೇಕೆಂದು ಒಂದೇ ಸಾಲಿನಲ್ಲಿ ಕೋಲನ್ ಹಾಕಿ ತುರುಕುತ್ತಿದ್ದುದನ್ನು ಬೇರೆ ಬೇರೆ ಹೆಸರುಗಳಾಗಿ ಬಿಡಿಸಿತು. ಜೊತೆಗೆ ಒಂದು ಷರತ್ತು: ಇದು ಡವ್‌ಕಾಟ್‌ನ ಯಾವ ಆವೃತ್ತಿಗಾಗಿ ಬರೆದ ಕಾನ್ಫಿಗರೇಷನ್ ಎಂಬುದನ್ನು ಫೈಲಿನ ಮೊದಲ ಸೆಟ್ಟಿಂಗಿನಲ್ಲೇ ಹೇಳಿರಬೇಕು. ಹೇಳದಿದ್ದರೆ ಸರ್ವರ್ ಶುರುವಾಗುವುದೇ ಇಲ್ಲ. ಇಪ್ಪತ್ತು ವರ್ಷಗಳಲ್ಲಿ ಪುಸ್ತಕಗಳಲ್ಲೂ ಅಂತರ್ಜಾಲದಲ್ಲೂ ರಾಶಿಬಿದ್ದಿದ್ದ ಡವ್‌ಕಾಟ್ ಉದಾಹರಣೆಗಳೆಲ್ಲ ಹೊಸ ಆವೃತ್ತಿಯ ಮುಂದೆ ನಿರುಪಯೋಗಿಯಾದವು. ಸರ್ವರ್ ನೋಡಿಕೊಳ್ಳುವವರು ಗೊಣಗಿಕೊಂಡೇ ತಮ್ಮ ಫೈಲುಗಳನ್ನು ಮೊದಲ ಸಾಲಿನಿಂದ ತಿದ್ದಲು ಕೂತಿದ್ದಾರೆ.